ನಿದ್ರಿಸುವ ಕೋಶಕ್ಕೆ ಕರೆಗಂಟೆ

ವೈರಸ್ ಎಂದರೆ ರೋಗವೆಂದೇ ನಂಬಿ ಬೆಳೆದ ನನಗೆ, ಎಚ್‌ಐವಿಯನ್ನೇ ನಿರ್ವೀರ್ಯಗೊಳಿಸಿ ಚಿಕಿತ್ಸೆಯ ವಾಹಕವಾಗಿಸಿದ್ದಾರೆಂಬುದನ್ನು ಒಪ್ಪಲು ಕೆಲಕಾಲ ಹಿಡಿಯಿತು. ರಕ್ತದ ಕ್ಯಾನ್ಸರ್‌ಗೆ ನೀಡುವ ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯದೇ ಟಿ-ಕೋಶಗಳಿಗೆ ಹೊಸ ವಂಶವಾಹಿಯನ್ನು ಒಯ್ಯುವುದು ಹೆಚ್ಚಾಗಿ ಇಂಥ ವಾಹಕವೇ. ಆದರೆ ವಿಶ್ರಾಂತಿಯಲ್ಲಿರುವ ಟಿ-ಕೋಶ ಈ ಅತಿಥಿಯನ್ನು ಸುಲಭವಾಗಿ ಬರಮಾಡಿಕೊಳ್ಳದು. ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿಸಲು ಬೇಕಾದ ಕಚ್ಚಾವಸ್ತುವನ್ನೇ ಸ್ಯಾಮ್‌ಎಚ್‌ಡಿ1 ಎಂಬ ಪ್ರೋಟೀನು ಒಡೆದುಹಾಕುತ್ತದೆ. ಹಾಗಾಗಿ ಮೊದಲು ಸಿಡಿ3, ಸಿಡಿ28 ಎಂಬ ಅಣುಗಳ ಮೂಲಕ ಕೋಶವನ್ನು ಎಚ್ಚರಿಸಬೇಕು. ಹೆಚ್ಚು ದಿನ ಎಚ್ಚರವಿಟ್ಟರೋ, ಅದು ದಣಿದು ದೇಹದೊಳಗೆ ಬಹುಕಾಲ ಬಾಳದು!

2023ರಲ್ಲಿ ಭಾರತದ್ದೇ ಆದ ನೆಕ್ಸ್‌ಕಾರ್19ಕ್ಕೆ ಅನುಮತಿ ದೊರೆತಾಗ ನಾವು ಚರ್ಚಿಸಿದ್ದು ಬೆಲೆಯನ್ನಷ್ಟೆ. ಕೋಶ ಸಿದ್ಧವಾಗುವಷ್ಟರಲ್ಲಿ ರೋಗ ಉಲ್ಬಣಿಸಿದವರಿಗೆ ಬೆಲೆ ಇಳಿದರೂ ಪ್ರಯೋಜನವಿಲ್ಲ. ಈ ಅವಧಿಯನ್ನು ಒಂದೆರಡು ದಿನಕ್ಕಿಳಿಸುವ ಸಂಶೋಧನೆಗೂ ಸರ್ಕಾರ ಹಣ ತೊಡಗಿಸಬೇಕು.