ಗೆರೆ ಎಲ್ಲಿಯದು? ಕಲರ್ ನೆಗೆಟಿವ್ ಸ್ಕ್ಯಾನಿಂಗ್: ತಪ್ಪು ಕಲ್ಪನೆ ಮತ್ತು ವಾಸ್ತವ

ನಾಗನೂರ, ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಎಂಬತ್ತು-ತೊಂಬತ್ತರ ದಶಕದ ಮದುವೆಯ ಆಲ್ಬಂ ಇದೆ, ಅದರ ಹಿಂದಿನ ಜೇಬಿನಲ್ಲಿ ನೆಗೆಟಿವ್ ತುಂಡುಗಳೂ ಇವೆ. ಆಲ್ಬಮ್ಮಿನ ಕಾಪಿಗಳು ಹಾಳೆಗೆ ಅಂಟಿಕೊಂಡು ಬಣ್ಣ ಕಳೆದುಕೊಂಡಿವೆ. ಆದ್ದರಿಂದ ಈಗಿನ ಮಕ್ಕಳು ನೆಗೆಟಿವ್‌ಗಳನ್ನೇ ಸ್ಕ್ಯಾನ್ ಮಾಡಿಸಲು ಹೊರಟಿದ್ದಾರೆ. ಮಾಡಿಸಿದ ಮೇಲೆ ನೋಡಿದರೆ ಮದುಮಗಳ ಮುಖದ ಮೇಲೆ ಹಸಿರು ಗೆರೆ, ಹಂದರದ ಮೇಲೆ ಬಿಳಿ ಪಟ್ಟೆ. ಗೆರೆ ಅಳಿಸಲು ಕೈ ಹಾಕುವ ಮೊದಲು ಅದು ಎಲ್ಲಿ ಹುಟ್ಟಿತು ಎಂದು ತಿಳಿಯಬೇಕು. ಕ್ಯಾಮೆರಾ, ಲ್ಯಾಬು, ಟ್ರಂಕು, ಸ್ಕ್ಯಾನರ್ ಇವು ಪ್ರತಿಯೊಂದೂ ಬೇರೆ ಬೇರೆ ಗುರುತು ಬಿಡುತ್ತವೆ. ಊರ ಮಾತಿನಲ್ಲಿ ಓಡಾಡುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: “ಸ್ಕ್ಯಾನಿನ್ಯಾಗ ಗೆರಿ ಬಂತಂದ್ರ ನೆಗೆಟಿವ್ ಗೀರೇತಿ ಅಂತನ ಅರ್ಥ.”

ವಾಸ್ತವ: ಹಾಗೇನಿಲ್ಲ. ಫ್ಲಾಟ್‌ಬೆಡ್ ಸ್ಕ್ಯಾನರ್ ಚಿತ್ರವನ್ನು ಒಂದೇ ಸಲಕ್ಕೆ ನೋಡುವುದಿಲ್ಲ. ಒಂದು ಸಾಲು ಸೆನ್ಸರ್ ಗಾಜಿನ ಕೆಳಗೆ ಸರಿಯುತ್ತಾ ಗೆರೆಗೆರೆಯಾಗಿ ಓದುತ್ತದೆ. ಆ ಸಾಲಿನ ಒಂದು ಬಿಂದುವಿಗೆ ಕಸ ಅಡ್ಡ ಬಂದರೂ ಸಾಕು, ಅದು ಸಾಗಿದ ದಾರಿಯುದ್ದಕ್ಕೂ ಗೆರೆ ಬೀಳುತ್ತದೆ. ನೆಗೆಟಿವ್ ಪಟ್ಟಿಯನ್ನೂ ಅದೇ ದಿಕ್ಕಿಗೆ ಇಡುವುದರಿಂದ ಈ ಗೆರೆ ರೀಲಿನ ಗೀರಿನಂತೆಯೇ ಕಾಣುತ್ತದೆ.

ಪರೀಕ್ಷೆ ಸುಲಭ. ಪಟ್ಟಿಯ ತಲೆ-ಬುಡ ಅದಲುಬದಲು ಮಾಡಿ ಮತ್ತೆ ಸ್ಕ್ಯಾನ್ ಮಾಡಿ. ಗೆರೆ ಚಿತ್ರದ ಜೊತೆ ತಿರುಗಿದರೆ ಅದು ನೆಗೆಟಿವಿನದು. ಚಿತ್ರ ತಿರುಗಿಯೂ ಗೆರೆ ಮೊದಲಿದ್ದ ಜಾಗದಲ್ಲೇ ಇದ್ದರೆ ಸ್ಕ್ಯಾನರಿನದು.

ಬಣ್ಣವೂ ಸುಳಿವು ಕೊಡುತ್ತದೆ. ಸೆನ್ಸರಿನಲ್ಲಿ ಕೆಂಪು, ಹಸಿರು, ನೀಲಿಗೆ ಪ್ರತ್ಯೇಕ ಸಾಲುಗಳಿರುತ್ತವೆ. ಹಸಿರು ಸಾಲಿಗೆ ಮಾತ್ರ ಕಸ ಅಡ್ಡವಾದರೆ ಅಲ್ಲಿ ಹಸಿರು ಕಡಿಮೆಯಾಗುತ್ತದೆ. ನೆಗೆಟಿವನ್ನು ಪಾಸಿಟಿವ್ ಮಾಡಿದಾಗ ಎಲ್ಲ ತಿರುಗುಮುರುಗಾಗಿ ಅಲ್ಲೇ ಹಸಿರು ಗೆರೆ ಏಳುತ್ತದೆ. ಕೂದಲೆಳೆಯಷ್ಟು ತೆಳು, ಅಳತೆಗೋಲು ಇಟ್ಟು ಎಳೆದಷ್ಟು ನೆಟ್ಟಗೆ, ಅಪ್ಪಟ ಒಂದೇ ಬಣ್ಣ ಎಂದರೆ ಮೊದಲು ಸ್ಕ್ಯಾನರನ್ನೇ ಅನುಮಾನಿಸಿ.

ಇನ್ನೊಂದು ಜಾಗ ಬಹಳ ಜನರ ಕಣ್ಣು ತಪ್ಪಿಸುತ್ತದೆ. ಹಲವು ಸ್ಕ್ಯಾನರ್‌ಗಳ ಫಿಲ್ಮ್ ಹೋಲ್ಡರಿನ ಒಂದು ತುದಿಯಲ್ಲಿ ಖಾಲಿ ಕಿಂಡಿ ಇರುತ್ತದೆ. ಸ್ಕ್ಯಾನ್ ಶುರುವಾಗುವ ಮುನ್ನ ಯಂತ್ರ ಆ ಕಿಂಡಿಯಲ್ಲಿ ಬರುವ ಬೆಳಕನ್ನು ಅಳೆದು ತನ್ನ ಲೆಕ್ಕ ಹೊಂದಿಸಿಕೊಳ್ಳುತ್ತದೆ. ಅಲ್ಲಿ ಒಂದು ಕಣ ಧೂಳು ಕೂತರೂ, ನೆಗೆಟಿವಿನ ತುದಿ ಚಾಚಿಕೊಂಡರೂ ಆ ಲೆಕ್ಕ ತಪ್ಪಿ ಚಿತ್ರದುದ್ದಕ್ಕೂ ಗೆರೆ ಹರಿಯುತ್ತದೆ. ಎರೆಭೂಮಿಯ ಧೂಳು ಬೇಸಿಗೆಯಲ್ಲಿ ಎಲ್ಲಿಗೂ ನುಗ್ಗುತ್ತದೆ. ಹಾಗಾಗಿ ಕಿಂಡಿಯ ಜಾಗದ ಗಾಜು ಮತ್ತು ಮೇಲಿನ ಮುಚ್ಚಳದ ದೀಪದ ಗಾಜು ಎರಡನ್ನೂ ಪ್ರತಿ ಸಲ ಸ್ವಚ್ಛ ಮಾಡಿಕೊಳ್ಳಿ.

ತಪ್ಪು ಕಲ್ಪನೆ 2: “ನೆಗೆಟಿವ್ ಕೇಸರಿ ಬಣ್ಣಕ್ಕ ತಿರುಗೇತಿ, ಹಳೇದಾಗಿ ಕೆಟ್ಟೈತಿ, ಅದಕ್ಕ ಪಟ್ಟಿ ಬರತಾವು.”

ವಾಸ್ತವ: ಕೇಸರಿ ಬಣ್ಣ ಹೊಸ ನೆಗೆಟಿವಿಗೂ ಇರುತ್ತದೆ. ಫಿಲ್ಮಿನ ಬಣ್ಣಗಳಲ್ಲಿರುವ ಕೊರತೆಯನ್ನು ಸರಿದೂಗಿಸಲು ತಯಾರಕರೇ ಅದನ್ನು ಸೇರಿಸಿರುತ್ತಾರೆ. ಆದರೆ ಆ ಬಣ್ಣ ನೀಲಿ ಬೆಳಕನ್ನು ತುಂಬಾ ತಡೆಯುತ್ತದೆ. ಸ್ಕ್ಯಾನರಿಗೆ ಸಿಕ್ಕ ಚೂರು ನೀಲಿಯನ್ನು ಸಾಫ್ಟ್‌ವೇರ್ ಎಳೆದು ದೊಡ್ಡದು ಮಾಡುತ್ತದೆ. ಅದರ ಜೊತೆ ಯಂತ್ರದ ಸಣ್ಣಪುಟ್ಟ ದೋಷವೂ ದೊಡ್ಡದಾಗಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ರಾತ್ರಿಯ ಮೆರವಣಿಗೆಯಲ್ಲಿ ಸಣ್ಣ ಫ್ಲ್ಯಾಶಿನಿಂದ ತೆಗೆದ ಫೋಟೋಗಳಲ್ಲಿ ಇದು ಹೆಚ್ಚು. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆ ತೆರೆದು ನೋಡಿ. ಪಟ್ಟೆ ನೀಲಿಯಲ್ಲಷ್ಟೇ ಇದ್ದರೆ ನೆಗೆಟಿವನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಪ್ರತಿ ಚಾನೆಲಿಗೆ 16 ಬಿಟ್ ಇಟ್ಟು, ಸಾಫ್ಟ್‌ವೇರಿನಲ್ಲಿ ಅನುಕೂಲವಿದ್ದರೆ ಒಂದೇ ಚಿತ್ರವನ್ನು ಹಲವು ಸಲ ಓದಿಸಿ ಸರಾಸರಿ ತೆಗೆಸಿ.

ತಪ್ಪು ಕಲ್ಪನೆ 3: “ಧೂಳ ಅಲಾ, ಉಸುರ ಬಿಟ್ಟು ಅರಬಿಲೆ ಒರಸಿದ್ರ ಹೋಗತೈತಿ.”

ವಾಸ್ತವ: ಇಲ್ಲದ ಗೀರು ಹುಟ್ಟುವುದೇ ಹೀಗೆ. ನೆಗೆಟಿವನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಒಂದು ಮೈ ಫಳಫಳ ಹೊಳೆಯುತ್ತದೆ, ಇನ್ನೊಂದು ಮೈ ಮಸುಕು. ಚಿತ್ರ ಇರುವುದು ಮಸುಕು ಮೈಯಲ್ಲಿ, ಜೆಲಾಟಿನ್ ಪದರದೊಳಗೆ. ತೇವ ತಗುಲಿದರೆ ಜೆಲಾಟಿನ್ ಉಬ್ಬಿ ಮೆತ್ತಗಾಗುತ್ತದೆ, ಆಗ ಒಂದು ಮರಳಿನ ಕಣವೂ ಅದನ್ನು ಉಳುತ್ತದೆ. ಹೊಳೆಯುವ ಮೈಗೆ ಬಿದ್ದ ಗೀರು ಬೆಳಕನ್ನು ಚದುರಿಸುವುದರಿಂದ ಪಾಸಿಟಿವಿನಲ್ಲಿ ಬಿಳಿಯಾಗಿ ಕಾಣುತ್ತದೆ. ಮಸುಕು ಮೈಯ ಪದರಗಳನ್ನೇ ಪೂರ್ತಿ ಕೆತ್ತಿದ ಗೀರು ಕಪ್ಪಾಗಿ ಕಾಣುತ್ತದೆ. ಬಿಳಿ ಗೆರೆಯ ಹಿಂದೆ ಚಿತ್ರ ಇನ್ನೂ ಇದೆ, ಕಪ್ಪು ಗೆರೆಯಲ್ಲಿ ಅದು ಹೋಗಿಬಿಟ್ಟಿದೆ.

ಮೊದಲು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ. ಜಿಡ್ಡು, ಬೆರಳಚ್ಚು ಇದ್ದರೆ 99% ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೆತ್ತನೆಯ, ಎಳೆ ಬಿಡದ ಬಟ್ಟೆಗೆ ಹಚ್ಚಿ ಹೊಳೆಯುವ ಮೈಯನ್ನು ಹಗುರಾಗಿ ಒರೆಸಿ. ಉಗುರುಬಣ್ಣ ತೆಗೆಯುವ ದ್ರವ ಮಾತ್ರ ಹತ್ತಿರವೂ ಬೇಡ. ಅದರಲ್ಲಿರುವ ಅಸಿಟೋನ್ ನೆಗೆಟಿವಿನ ಅಸಿಟೇಟ್ ಹಾಳೆಯನ್ನೇ ಕೆಡಿಸುತ್ತದೆ.

ತಪ್ಪು ಕಲ್ಪನೆ 4: “ಡಸ್ಟ್ ರಿಮೂವಲ್ ಒತ್ತಿದ್ರ ಎಲ್ಲಾ ಮುಗೀತು.”

ವಾಸ್ತವ: ಡಿಜಿಟಲ್ ಐಸ್‌ನಂಥ ವ್ಯವಸ್ಥೆ ಅತಿಗೆಂಪು ಕಿರಣದಲ್ಲಿ ಇನ್ನೊಂದು ಸ್ಕ್ಯಾನ್ ಮಾಡುತ್ತದೆ. ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಆ ಕಿರಣ ಸಲೀಸಾಗಿ ಹಾಯುತ್ತದೆ, ಧೂಳು-ಗೀರಿನಲ್ಲಿ ತಡೆಯುತ್ತದೆ. ಹೀಗೆ ಎರಡನ್ನೂ ಬೇರ್ಪಡಿಸಿ ಧೂಳಿನ ಜಾಗವನ್ನು ಸುತ್ತಲಿನ ಬಣ್ಣದಿಂದ ತುಂಬುತ್ತದೆ. ಆದರೆ ಕ್ಯಾಮೆರಾದೊಳಗೆ ಬೆಳಕು ಸೋರಿ ಮೂಡಿದ ಪಟ್ಟೆಯೂ, ಲ್ಯಾಬಿನಲ್ಲಿ ರೀಲು ತೊಳೆಯುವಾಗ ಬಿದ್ದ ಕಲೆಯೂ ಅದೇ ಬಣ್ಣಗಳಿಂದಲೇ ಆದದ್ದು. ಅತಿಗೆಂಪಿಗೆ ಅವು ಕಾಣುವುದೇ ಇಲ್ಲ. ಅಜ್ಜನ ಕಾಲದ ಕಪ್ಪು-ಬಿಳುಪು ನೆಗೆಟಿವಿಗೂ ಇದನ್ನು ಬಳಸಬೇಡಿ. ಅಲ್ಲಿನ ಚಿತ್ರ ಬೆಳ್ಳಿಯಿಂದ ಆದದ್ದು, ಬೆಳ್ಳಿ ಅತಿಗೆಂಪನ್ನು ತಡೆಯುತ್ತದೆ. ಯಂತ್ರ ಚಿತ್ರವನ್ನೇ ಕಸವೆಂದು ತಿಳಿದು ಕೆಡಿಸುತ್ತದೆ.

ತಪ್ಪು ಕಲ್ಪನೆ 5: “ನೆಗೆಟಿವಿನ್ಯಾಗ ಪಟ್ಟಿ ಐತಿ ಅಂದ್ರ ರೀಲ್ ತೊಳದವರ ತಪ್ಪ.”

ವಾಸ್ತವ: ಒಮ್ಮೊಮ್ಮೆ ಹೌದು. ಕೊಡಾಕ್ 1972ರಲ್ಲಿ ತಂದ ಸಿ-41 ವಿಧಾನದಲ್ಲಿ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್ ಇರಬೇಕು, ಸಮಯ 3 ನಿಮಿಷ 15 ಸೆಕೆಂಡು. ದ್ರಾವಣವನ್ನು ಕಲಕುವುದು ಸರಿಯಾಗದಿದ್ದರೆ ಅಂಚಿನ ರಂಧ್ರಗಳ ಮೂಲಕ ಅದು ರಭಸವಾಗಿ ನುಗ್ಗಿ, ರಂಧ್ರಕ್ಕೊಂದರಂತೆ ಮಸುಕು ಪಟ್ಟೆ ಬಿಡುತ್ತದೆ. 35 ಮಿ.ಮೀ. ಫಿಲ್ಮಿನ ಪ್ರತಿ ಚಿತ್ರಕ್ಕೆ ಒಂದು ಅಂಚಿನಲ್ಲಿ 8 ರಂಧ್ರ. ಪಟ್ಟೆಗಳು ಆ ರಂಧ್ರಗಳಿಗೆ ನೇರವಾಗಿದ್ದರೆ ಕಾರಣ ತೊಳೆಯುವ ಹಂತದ್ದೇ.

ಗೀರು ಒಂದು ಚಿತ್ರದಿಂದ ಇನ್ನೊಂದಕ್ಕೆ ದಾಟಿ ರೈಲು ಹಳಿಯಂತೆ ಸಾಗಿದರೆ ಡಬ್ಬಿಯ ಬಾಯಿಯ ಮಖಮಲ್ಲಿನಲ್ಲೋ, ಕ್ಯಾಮೆರಾ ಅಥವಾ ಲ್ಯಾಬಿನ ರೋಲರಿನಲ್ಲೋ ಮರಳು ಸಿಕ್ಕಿತ್ತು. ಪಟ್ಟೆ ಚಿತ್ರದ ಚೌಕಟ್ಟು ದಾಟಿ ರಂಧ್ರಗಳ ಅಂಚಿಗೂ ಹರಡಿ, ಪಾಸಿಟಿವಿನಲ್ಲಿ ಕೆಂಪು-ಹಳದಿ ಜ್ವಾಲೆಯಂತೆ ಕಂಡರೆ ಬೆಳಕು ಸೋರಿದೆ. ಕ್ಯಾಮೆರಾದ ಹಿಂಬಾಗಿಲಿನ ಸ್ಪಂಜು ಸವೆದಿರಬಹುದು, ರೀಲು ಸುತ್ತಿಕೊಳ್ಳುವ ಮೊದಲೇ ಬಾಗಿಲು ತೆರೆದಿರಬಹುದು. ಆದ್ದರಿಂದ ಒಮ್ಮೆಯಾದರೂ ರಂಧ್ರಗಳು ಕಾಣುವಂತೆ ಅಂಚಿನ ಸಮೇತ ಸ್ಕ್ಯಾನ್ ಮಾಡಿ ನೋಡಿ.

ತಪ್ಪು ಕಲ್ಪನೆ 6: “ಡಿಪಿಐ ಏರಿಸಿದ್ರ ಗೆರಿ ಹೋಗತಾವು.”

ವಾಸ್ತವ: ಗೆರೆಯೂ ಚಿತ್ರದಷ್ಟೇ ಸ್ಪಷ್ಟವಾಗುತ್ತದೆ, ಅಷ್ಟೆ. 24×36 ಮಿ.ಮೀ. ನೆಗೆಟಿವನ್ನು 2400 ಡಿಪಿಐನಲ್ಲಿ ಓದಿಸಿದರೆ ಸುಮಾರು 77 ಲಕ್ಷ ಪಿಕ್ಸೆಲ್ ಸಿಗುತ್ತದೆ. 11 ಇಂಚು ಅಗಲದ ಪ್ರಿಂಟಿಗೆ ಅದು ಸಾಕು.

ತಪ್ಪು ಕಲ್ಪನೆ 7: “ಸ್ಕ್ಯಾನರ್ ಬ್ಯಾಡ, ಮೊಬೈಲ್‌ನ್ಯಾಗ ತಗದ್ರ ಗೆರಿನ ಬರೂದಿಲ್ಲ.”

ವಾಸ್ತವ: ಬೇರೆ ಜಾತಿಯ ಗೆರೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ನೆಗೆಟಿವಿನ ಹಿಂದೆ ಬೆಳಕಿಗೆ ಇಟ್ಟ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೊಬೈಲಿನ ಸೆನ್ಸರೂ ಸಾಲುಸಾಲಾಗಿಯೇ ಓದುವುದರಿಂದ ಆ ಮಿನುಗು ಅಡ್ಡ ಪಟ್ಟೆಗಳಾಗಿ ದಾಖಲಾಗುತ್ತದೆ. ಪ್ರೊ ಮೋಡಿನಲ್ಲಿ ಶಟರನ್ನು 1/50 ಅಥವಾ 1/25ಕ್ಕೆ ಇಳಿಸಿ ಫೋನನ್ನು ಸ್ಟ್ಯಾಂಡಿಗೆ ಕೂರಿಸಿ. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ನೆಗೆಟಿವ್ ಇಟ್ಟರೆ ಪರದೆಯ ಚುಕ್ಕಿಗಳ ಜಾಲವೂ ಚಿತ್ರಕ್ಕೆ ಬರುತ್ತದೆ. ನಡುವೆ ಹಾಲುಬಿಳಿ ಅಕ್ರಿಲಿಕ್ ಹಾಳೆ ಇಟ್ಟು ನೆಗೆಟಿವನ್ನು ಪರದೆಯಿಂದ ಕೆಲವು ಸೆಂಟಿಮೀಟರ್ ಮೇಲೆತ್ತಿ.

ತಪ್ಪು ಕಲ್ಪನೆ 8: “ಹೊಳಿ ನೀರ ಹೊಕ್ಕ ನೆಗೆಟಿವ್ ಬಿಸಲಿಗೆ ಒಣಗಿಸಿ ಬಿಡಿಸಿದ್ರ ಆತು.”

ವಾಸ್ತವ: 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಉಕ್ಕಿ ಗೋಕಾಕಿಗೆ ನುಗ್ಗಿದಾಗ ನೀರು ಕಂಡ ಮನೆಗಳಿಗೆ ಇದು ಮುಖ್ಯ. ಒದ್ದೆಯಾಗಿ ಅಂಟಿದ ನೆಗೆಟಿವ್‌ಗಳು ಹಾಗೆಯೇ ಒಣಗಿದರೆ ಬಿಡಿಸುವಾಗ ಚಿತ್ರದ ಪದರವೇ ಕಿತ್ತು ಬರುತ್ತದೆ. ಒದ್ದೆ ಇರುವಾಗಲೇ ತಣ್ಣನೆಯ ಶುದ್ಧ ನೀರಿನಲ್ಲಿ ಮುಳುಗಿಸಿ, ನೀರೊಳಗೇ ಮೆಲ್ಲಗೆ ಬೇರ್ಪಡಿಸಿ. ಬೋರಿನ ಗಡಸು ನೀರು ಒಣಗಿದಾಗ ಸುಣ್ಣದ ಜಾಡು ಬಿಡುತ್ತದೆ, ಅದೂ ಸ್ಕ್ಯಾನಿನಲ್ಲಿ ಪಟ್ಟೆಯೇ. ಕೊನೆಯ ಜಾಲಾಟಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿ, ನೆರಳಲ್ಲಿ ಕ್ಲಿಪ್ಪಿಗೆ ತೂಗುಹಾಕಿ.

ತಪ್ಪು ಕಲ್ಪನೆ 9: “ಸ್ಕ್ಯಾನ್ ಆತು, ಇನ್ನ ನೆಗೆಟಿವ್ ಯಾಕ ಬೇಕು?”

ವಾಸ್ತವ: ಸ್ಕ್ಯಾನರಿನ ಗೆರೆ ಎಷ್ಟೋ ಸಲ ಕಣ್ಣಿಗೆ ಬೀಳುವುದು ದೊಡ್ಡ ಪ್ರಿಂಟ್ ಹಾಕಿಸಿದ ಮೇಲೆ. ಆಗ ನೆಗೆಟಿವ್ ಕೈಯಲ್ಲಿದ್ದರೆ ಗಾಜು ಒರೆಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಬಹುದು, ಇಲ್ಲದಿದ್ದರೆ ಆ ಗೆರೆಯೇ ಕಾಯಂ. ಪಟ್ಟಿಗಳನ್ನು ಸುರುಳಿ ಸುತ್ತದೆ, ಪಿವಿಸಿ ಅಲ್ಲದ ಕವರಿನಲ್ಲಿ ಒಂದೊಂದಾಗಿ ಹಾಕಿ, ತೇವ ತಾಗದ ತಂಪು ಜಾಗದಲ್ಲಿಡಿ. ಕವರಿನ ಮೇಲೆ ಯಾರ ಮದುವೆ, ಯಾವ ವರ್ಷ ಎಂದು ಬರೆದಿಡಿ. ಬರೆಯುವ ಕೆಲಸ ಮಾತ್ರ ಪಟ್ಟಿ ಒಳಗೆ ಹಾಕುವ ಮೊದಲೇ ಮುಗಿಸಿ. ಪೆನ್ನಿನ ಮೊನೆಯ ಒತ್ತಡವೂ ನೆಗೆಟಿವಿನ ಮೇಲೆ ಗೆರೆ ಮೂಡಿಸುತ್ತದೆ.