ಕಾರಿನ ರಿಮೋಟ್ ಕೀಗೆ ಹೊಸ ಸೆಲ್

ಮೊದಲೆಲ್ಲ ದೂರದಿಂದ ಒತ್ತಿದರೂ ಅನ್‌ಲಾಕ್ ಆಗ್ತಿದ್ದ ಕಾರು, ಈಗ ಬಾಗಿಲ ಪಕ್ಕದಲ್ಲೇ ನಿಂತು ಒತ್ತಬೇಕಾ? ಕೀ ಒಳಗಿನ ಸೆಲ್ ಮುಗೀತಾ ಬಂದಿರಬಹುದು.

ಅಂಗಡಿಗೆ ಹೋಗೋ ಮೊದಲು ಕೀ ಬಿಚ್ಚಿ, ಹಳೇ ಸೆಲ್ ಮೇಲಿನ ನಂಬರ್ ನೋಡಿ. ತುಂಬಾ ಕೀಗಳಲ್ಲಿ ಇರೋದು ಸಿಆರ್ 2032. ಆ ನಂಬರೇ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಕೂಡ 3 ವೋಲ್ಟೇ, ಅಗಲವೂ ಅಷ್ಟೇ. ಆದರೆ ದಪ್ಪ 2.5, ಸಡಿಲವಾಗಿ ಕೂರುತ್ತೆ. "ಇದೂ ನಡೆಯುತ್ತೆ ಸಾರ್" ಅಂದರೆ ಒಪ್ಪಬೇಡಿ.

ಬಿಚ್ಚೋದು ಹೇಗೆ? ಸ್ಮಾರ್ಟ್ ಕೀ ಆದರೆ, ಸಣ್ಣ ಲಾಕ್ ಸರಿಸಿ ಒಳಗಿನ ಲೋಹದ ಕೀ ಎಳೀರಿ. ಸಾಮಾನ್ಯವಾಗಿ ಅಲ್ಲೇ ಒಂದು ಸಂದು ಕಾಣುತ್ತೆ. ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ, ಸಂದಿಗೆ ಇಟ್ಟು ಮೆಲ್ಲಗೆ ತಿರುಗಿಸಿ. ತೆರೆದ ಕೂಡಲೇ ಮೊಬೈಲಲ್ಲಿ ಒಂದು ಫೋಟೋ. ಪ್ಲಸ್ ಗುರುತು ಯಾವ ಕಡೆಗಿತ್ತೋ, ಹೊಸದೂ ಹಾಗೇ ಕೂರಬೇಕು. ಟಕ್ ಅಂತ ಮುಚ್ಚಿ.

ನಡುದಾರಿಯಲ್ಲಿ ಸೆಲ್ ಪೂರ್ತಿ ಸತ್ತರೆ? ಲೋಹದ ಕೀಯಿಂದ ಬಾಗಿಲು ತೆಗೀರಿ. ಅಲಾರಂ ಕೂಗಬಹುದು, ಗಾಬರಿ ಬೇಡ. ಆಟೋಮ್ಯಾಟಿಕ್ ಆದರೆ ಬ್ರೇಕ್, ಮ್ಯಾನುಯಲ್ ಆದರೆ ಕ್ಲಚ್ ತುಳಿದು, ಸ್ಮಾರ್ಟ್ ಕೀಯಿಂದಲೇ ಸ್ಟಾರ್ಟ್ ಬಟನ್ ಒತ್ತಿ. ಎಷ್ಟೋ ಕಾರುಗಳು ಸ್ಟಾರ್ಟ್ ಆಗ್ತವೆ. ಕೀ ಒಳಗಿನ ಚಿಪ್‌ಗೆ ಬೇಕಾದ ಶಕ್ತಿ ಕಾರಿನಿಂದಲೇ ಬರುತ್ತೆ.

ಹಳೇ ಸೆಲ್ಲನ್ನ ಮಾತ್ರ ಟೇಬಲ್ ಮೇಲೆ ಬಿಡಬೇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ. ನುಂಗಿದ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಓಡಿ.