ಮೊದಲು ಓಡಿ ಬರುವುದು ವಾಚ್‌ಮನ್

ನಮ್ಮ ಹಾಸ್ಟೆಲ್ ಮೆಟ್ಟಿಲ ಬಳಿ ಎರಡು ಬೋರ್ಡ್‌ಗಳಿವೆ. ಒಂದರಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಬರೆದಿದೆ: ಪಿನ್ ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿಯಿಡಿ, ಹಿಡಿ ಒತ್ತಿ. ಇನ್ನೊಂದರಲ್ಲಿ ತಲೆಬುರುಡೆ ಚಿತ್ರ, ಕೆಳಗೆ 'ಡ್ರಗ್ಸ್ ಬೇಡ'. ಸರಿ, ಬೇಡ. ಆದರೆ ಯಾರೋ ಆಗಲೇ ತಗೊಂಡುಬಿಟ್ಟಿದ್ದಾನೆ, ರಾತ್ರಿ ಎರಡು ಗಂಟೆ, ಕಾರಿಡಾರ್‌ನಲ್ಲಿ ಕೂಗಾಡುತ್ತಿದ್ದಾನೆ. ಆಗ ಏನು ಮಾಡುವುದು? ಯಾವ ಬೋರ್ಡೂ ಹೇಳುವುದಿಲ್ಲ.

ಬೆಂಗಳೂರಿನಲ್ಲಿ ಪೊಲೀಸರು ವಶಪಡಿಸಿಕೊಂಡರೆಂದು ನಾವು ಓದುವ ಎಂಡಿಎಂಎ, ಮೆಥ್, ಕೊಕೇನ್ ಎಲ್ಲವೂ ಉತ್ತೇಜಕಗಳು. ಹೆರಾಯಿನ್ ಮಂಪರು ತರಿಸಿ ಉಸಿರಾಟವನ್ನೇ ನಿಧಾನಗೊಳಿಸುತ್ತದೆ. ಇವು ಉಲ್ಟಾ. ಎದೆಬಡಿತ, ರಕ್ತದೊತ್ತಡ, ಮೈಬಿಸಿ ಎಲ್ಲವನ್ನೂ ಏರಿಸುತ್ತವೆ. ಕೆಲವರಲ್ಲಿ ಅನುಮಾನ, ಸಿಟ್ಟನ್ನೂ. ಏಮ್ಸ್ ತಜ್ಞರು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಆಂಫೆಟಮಿನ್ ಮಾದರಿಯ ಉತ್ತೇಜಕ ಬಳಸುವವರು ಶೇ 0.18, ಅಫೀಮು ಜಾತಿಯವನ್ನು ಬಳಸುವವರು ಶೇ 2ಕ್ಕೂ ಹೆಚ್ಚು. ಹಾಗಾಗಿ ವ್ಯಸನ ಎಂದರೆ ಎಲ್ಲರ ತಲೆಗೆ ಬರುವುದು ಎಣ್ಣೆ, ಇಲ್ಲವೇ ಅಫೀಮು. ಆ ಪಾಠ ಇಲ್ಲಿ ಪೂರ್ತಿ ಒಗ್ಗುವುದಿಲ್ಲ. ಹೆರಾಯಿನ್ ಅತಿಯಾದರೆ ನ್ಯಾಲೊಕ್ಸೋನ್ ಇದೆ, ಚಟದಿಂದ ಹೊರತರಲು ಬುಪ್ರೆನಾರ್ಫಿನ್ ಇದೆ. ಉತ್ತೇಜಕಗಳಿಗೆ ಅಂಥ ಪ್ರತಿಮದ್ದೂ ಇಲ್ಲ, ಚಟ ಬಿಡಿಸಲೆಂದೇ ಅಂಗೀಕರಿಸಿದ ಮಾತ್ರೆಯೂ ಇಲ್ಲ. ಎದುರಿಗೆ ನಿಂತವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಚಿಕಿತ್ಸೆಯ ದೊಡ್ಡ ಭಾಗ.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಬೀದಿಯ ಒಂದು ಪಿ.ಜಿ.ಯಲ್ಲಿ ಹೀಗಾಯಿತು. ಬೆವರಿ ತೊಪ್ಪೆಯಾಗಿದ್ದ ಹುಡುಗನನ್ನು ನಾಲ್ವರು ಬೋರಲು ಕೆಡವಿ ಒತ್ತಿ ಹಿಡಿದರು. ಒಬ್ಬ ಕೆನ್ನೆಗೆ ಬಿಟ್ಟ, ಇನ್ನೊಬ್ಬ ವಿಡಿಯೊ ಮಾಡಿದ. ಪೊಲೀಸ್ ಕೇಸ್ ಆಗುತ್ತದೆಂದು ಅರ್ಧ ಗಂಟೆ ಯಾರೂ 108ಕ್ಕೆ ಫೋನ್ ಮಾಡಲಿಲ್ಲ. ಹುಡುಗ ಬದುಕಿದ, ಆಮೇಲೆ ಕಾಲೇಜು ಬಿಟ್ಟ. ಅಲ್ಲಿನ ವಾಚ್‌ಮನ್ ಕೊಪ್ಪಳದ ಕಡೆಯವರು. ಮರುದಿನ ಟೀ ಅಂಗಡಿಯಲ್ಲಿ ಸಿಕ್ಕಾಗ ಹೇಳಿದರು: "ನೋಡ್ ತಮ್ಮಾ, ಕುಡದವ್ರನ್ನ ಸಾಕಷ್ಟ್ ನೋಡೀನಿ. ಇದು ಬ್ಯಾರೆನ ಐತಿ. ಏನ್ ಮಾಡ್ಬೇಕಂತ ನಮಗ್ಯಾರು ಹೇಳ್ಯಾರ?"

ಹೇಳಿಕೊಡುವುದು ಕಷ್ಟವೇನಲ್ಲ. ಗುಂಪು ಚದುರಿಸಿ, ಒಬ್ಬರೇ ಮೆಲುದನಿಯಲ್ಲಿ ಮಾತಾಡಬೇಕು. ಮೈ ಸುಡುತ್ತಿದ್ದರೆ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹಾಕಿ ಫ್ಯಾನ್ ಬಿಡಬೇಕು. ಬೋರಲು ಒತ್ತಿ ಹಿಡಿಯಲೇಬಾರದು. ಉಸಿರಿಗೂ ಅಡ್ಡಿ, ಕೊಸರಾಡಿದಷ್ಟೂ ಮೈಬಿಸಿ ಏರುತ್ತದೆ. ಎದೆನೋವು, ಫಿಟ್ಸ್, ಪ್ರಜ್ಞೆ ತಪ್ಪುವುದು, ಇಳಿಯದ ಮೈಬಿಸಿ ಇವುಗಳಲ್ಲಿ ಒಂದು ಕಂಡರೂ ತಕ್ಷಣ 108. ತಗೊಂಡಿದ್ದೇನೆಂದು ಗೊತ್ತಿದ್ದರೆ ಮುಚ್ಚಿಡದೆ ಹೇಳಬೇಕು. ಇನ್ನು ಅಮಲು ಇಳಿದ ಮೇಲಿನ ದಿನಗಳು. ಹುಡುಗ ಹಗಲೂ ರಾತ್ರಿ ಮಲಗುತ್ತಾನೆ, ಎದ್ದರೆ ಮಂಕು ಕವಿದಿರುತ್ತದೆ. ಸಾಯಬೇಕೆನ್ನುವ ಯೋಚನೆ ಬರಬಹುದಾದ ಹೊತ್ತು ಅದು. ನಮ್ಮವರು ಬುದ್ಧಿವಾದಕ್ಕೆ ಆರಿಸಿಕೊಳ್ಳುವುದೂ ಅದೇ ಹೊತ್ತನ್ನು!

ಕೇಸ್‌ನ ಭಯದ ಬಗ್ಗೆ ಒಂದು ಮಾತು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ ಅವನ ಮೇಲೆ ವಿಚಾರಣೆ ಇಲ್ಲ. ಮಾರುವವರಿಗೆ ಈ ರಕ್ಷಣೆ ಸಿಗದು. ಇದನ್ನು ನನ್ನ ಹತ್ತು ಕ್ಲಾಸ್‌ಮೇಟ್‌ಗಳಿಗೆ ಕೇಳಿದೆ, ಒಬ್ಬನಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯ ಸಿಬ್ಬಂದಿಗೂ ಕಲಿಯುವುದಿದೆ. ಉತ್ತೇಜಕ ವ್ಯಸನಕ್ಕೆ ಈವರೆಗೆ ಹೆಚ್ಚು ಫಲ ಕೊಟ್ಟಿರುವ ವಿಧಾನ ಕೇಳಿದರೆ ನಗು ಬರಬಹುದು: ಬಹುಮಾನ. ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಪೆಟ್ರಿ ರೂಪಿಸಿದ ಕ್ರಮದಲ್ಲಿ ಬೋಗುಣಿಯೊಂದರಲ್ಲಿ 500 ಚೀಟಿಗಳು. ಮೂತ್ರ ಪರೀಕ್ಷೆಯಲ್ಲಿ ಡ್ರಗ್ ಕಾಣದಿದ್ದರೆ ಅಲ್ಲೇ ಚೀಟಿ ಎತ್ತಬಹುದು. ಅರ್ಧದಷ್ಟು ಚೀಟಿಗಳಲ್ಲಿ ಬರೀ 'ಶಹಭಾಸ್', ಮಿಕ್ಕವಕ್ಕೆ ಸಣ್ಣಪುಟ್ಟ ಬಹುಮಾನ, ಒಂದಕ್ಕೆ ಮಾತ್ರ ದೊಡ್ಡದು. ಸತತವಾಗಿ ಡ್ರಗ್‌ನಿಂದ ದೂರವಿದ್ದರೆ ಚೀಟಿಗಳ ಸಂಖ್ಯೆ ಏರುತ್ತದೆ, ತಪ್ಪಿದರೆ ಮತ್ತೆ ಒಂದರಿಂದ ಶುರು. ಕಂಟ್ರೋಲ್ ಸಿಸ್ಟಮ್ಸ್ ಓದುವ ನನಗೆ ಇದು ತಡವಿಲ್ಲದ ಫೀಡ್‌ಬ್ಯಾಕ್ ಎಂದೇ ಅನ್ನಿಸಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 2011ರಲ್ಲಿ ಸಿಬ್ಬಂದಿಗೆ ತರಬೇತಿ ಕೊಟ್ಟೇ ಇದನ್ನು ಆರಂಭಿಸಿದವು.

'ಚಟ ಹಿಡಿದವನಿಗೆ ಬಹುಮಾನ ಬೇರೆ ಕೇಡು' ಅನ್ನುವವರು ಎಲ್ಲ ಕಡೆ ಇದ್ದಾರೆ. ಎಸ್ಸೆಸ್ಸೆಲ್ಸಿಗೆ ತೊಂಬತ್ತು ಪರ್ಸೆಂಟ್ ತಂದರೆ ಮೊಬೈಲ್ ಕೊಡಿಸುತ್ತೇನೆ ಎಂದ ಅಪ್ಪಂದಿರೇ ಹೀಗನ್ನುವುದು ನನಗೆ ವಿಚಿತ್ರ. ಪರೀಕ್ಷೆಯಲ್ಲಿ ಡ್ರಗ್ ಕಂಡ ದಿನ ಮುಖ ಗಂಟಿಕ್ಕದೆ, ಬೈಯದೆ, 'ಗುರುವಾರ ಬಾ' ಎನ್ನುವುದು ಎಷ್ಟು ಜನರಿಗೆ ಸಾಧ್ಯ? ತರಬೇತಿ ಬೇಕಿರುವುದು ಅಲ್ಲಿ.

ದಾರಿ ನಮ್ಮಲ್ಲೂ ಇದೆ. ಡಾ. ಸಂಜೀವ್ ಅರೋರಾ 2003ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಹೆಪಟೈಟಿಸ್ ಸಿ ರೋಗಕ್ಕೆಂದು ಆರಂಭಿಸಿದ 'ಎಕೋ' ಮಾದರಿಯನ್ನು ನಿಮ್ಹಾನ್ಸ್ ವ್ಯಸನ ಚಿಕಿತ್ಸೆಗೆ ಅಳವಡಿಸಿಕೊಂಡಿದೆ. ದೂರದ ಊರಿನ ವೈದ್ಯರು, ಆಪ್ತ ಸಮಾಲೋಚಕರು ವಿಡಿಯೊ ಕರೆಯಲ್ಲಿ ತಮ್ಮ ರೋಗಿಯ ಕಥೆ ಹೇಳಿ ತಜ್ಞರೊಂದಿಗೆ ಚರ್ಚಿಸುತ್ತ ಕಲಿಯುತ್ತಾರೆ. ಅದೇ ಥರ ತಿಂಗಳಿಗೊಂದು ಗಂಟೆ ವಾರ್ಡನ್, ಪಿ.ಜಿ. ಮಾಲೀಕರು, ವಾಚ್‌ಮನ್‌ಗಳಿಗೆ ಕನ್ನಡದಲ್ಲಿ ನಡೆಸಿದರೆ ಸಾಕು. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಎರಡೂ ಅವರ ಫೋನಿನಲ್ಲಿರಲಿ. ಒಂದೇ ಕೋರಿಕೆ: ತರಗತಿಯನ್ನು ಸಂಜೆ ಏಳಕ್ಕೆ ಇಡಿ. ರಾತ್ರಿ ಪಾಳಿಯವರು ಹಗಲು ಮಲಗಿರುತ್ತಾರೆ.